ಶರಣಯ್ಯನವರ ಇಪ್ಪತ್ತೊಂದು ಕಿಲೋಮೀಟರ್

ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ಹಗ್ಗ, ಮೊರ, ಬೀಗ, ಇಲಿಬೋನು ಮಾರುವ ಶರಣಯ್ಯನವರು ತಮ್ಮ ಐವತ್ತನಾಲ್ಕು ವರ್ಷದ ಆಯುಷ್ಯದಲ್ಲಿ ಒಮ್ಮೆಯೂ ಓಡಿದವರಲ್ಲ. ಕಣ್ಣೆದುರೇ ಬಸ್ಸು ಹೊರಟರೂ ಓಡುತ್ತಿರಲಿಲ್ಲ. ಇನ್ನೊಂದು ಬರುತ್ತದೆ ಎಂದು ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕೂತರೆ ಮಧ್ಯಾಹ್ನ ಊಟಕ್ಕೆ ಏಳುವುದು, ಊಟ ಮುಗಿಸಿ ಬಂದು ಕೂತರೆ ಸಂಜೆ ದೀಪ ಹಚ್ಚಲು ಏಳುವುದು. ಮೇಲಿನ ಗೂಟದಲ್ಲಿ ನೇತಾಡುವ ಹಗ್ಗ ಬೇಕೆಂದರೆ ಗಿರಾಕಿಯೇ ಏಣಿ ಹತ್ತಿ ಇಳಿಸಿಕೊಳ್ಳಬೇಕು. ಇಂಥ ಮನುಷ್ಯ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಯಾಕೆ ಇಳಿದರು ಎಂಬುದಕ್ಕೆ ಊರಿನಲ್ಲಿ ಇವತ್ತಿಗೂ ನಾಲ್ಕಾರು ಉತ್ತರಗಳಿವೆ. ನಿಜವಾದ ಉತ್ತರ ಒಂದು ಹೋಳಿಗೆಯಿಂದ ಶುರುವಾಗುತ್ತದೆ.

ಆ ಹೋಳಿಗೆ ಗದ್ವಾಲದ್ದು. ಶರಣಯ್ಯನವರ ಹೆಂಡತಿ ಶೇಖಮ್ಮನ ತಮ್ಮ ಪರಮೇಶ ಅಲ್ಲಿ ಸೀರೆ ವ್ಯಾಪಾರ ಮಾಡುತ್ತಾನೆ. ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಹೆಂಗಸರು ಒಳಗೆ ಅಡುಗೆಮನೆಯಲ್ಲಿ, ಗಂಡಸರು ಹೊರಗೆ ಪೆಂಡಾಲಿನಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದರು. ಪರಮೇಶ ಬಡಿಸುವ ನೆಪದಲ್ಲಿ ಎಲ್ಲರ ಮೂಗಿನ ಕೆಳಗೂ ತನ್ನ ಕೈಗಡಿಯಾರ ಹಿಡಿಯುತ್ತಿದ್ದ. ಅದು ಹೆಜ್ಜೆ ಎಣಿಸುವ ಗಡಿಯಾರ.

“ಭಾವಾ, ಇಲ್ಲಿ ನೋಡ್ರಿ. ಮುಂಜಾನೆ ಹತ್ತು ಕಿಲೋಮೀಟರ್ ಓಡೇನಿ, ಆಮ್ಯಾಲೆ ಹೋಮಕ್ಕ ಕುಂತೇನಿ,” ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಶರಣಯ್ಯನವರ ಹೊಟ್ಟೆಯ ಕಡೆ ಒಂದು ನೋಟ ಹರಿಸಿ, “ನಮ್ಮ ಭಾವನೋರಿಗೆ ಗಾದಿ ಮ್ಯಾಲಿಂದ ಏಳೂದ ಒಂದು ವ್ಯಾಯಾಮ,” ಎಂದು ಸೇರಿಸಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಉಪ್ಪಿನಕಾಯಿ ಬಡಿಸುತ್ತಿದ್ದವನು ಕೂಡ ನಕ್ಕ.

ಶರಣಯ್ಯನವರ ಬಾಯಲ್ಲಿ ಮೂರನೇ ಹೋಳಿಗೆ ಇತ್ತು. ಅದನ್ನು ನುಂಗುವಷ್ಟು ಹೊತ್ತು ಯೋಚಿಸಿದ್ದರೂ ಸಾಕಿತ್ತು. ಯೋಚಿಸಲಿಲ್ಲ. “ಹತ್ತೇನು ದೊಡ್ಡದಪ್ಪ. ನಾನೂ ದಿನಾ ಓಡ್ತೀನಿ, ಹೇಳ್ಕೊಂತ ತಿರುಗಾಂಗಿಲ್ಲ ಅಷ್ಟ,” ಅಂದರು.

ಪರಮೇಶ ಬಡಿಸುವ ಪಾತ್ರೆ ಕೆಳಗಿಟ್ಟು ಫೋನ್ ತೆಗೆದ. ಗದ್ವಾಲ ಕೋಟೆಯಿಂದ ಜೂರಾಲ ಡ್ಯಾಮಿನವರೆಗೆ ಓಟವೊಂದು ಏರ್ಪಾಡಾಗಿತ್ತು. ನಡುವಿನ ಹಳ್ಳಿಗಳ ಮೇಲೆಲ್ಲ ಸುತ್ತಿಸಿ ದಾರಿಯನ್ನು ಇಪ್ಪತ್ತೊಂದು ಕಿಲೋಮೀಟರ್ ಮಾಡಿದ್ದರು. ಅವನು ಅಲ್ಲೇ ನಿಂತು ಭಾವನ ಹೆಸರು, ವಯಸ್ಸು ತುಂಬಿಸಿದ. ಕೊನೆಗೆ ಫಾರಂ ಒಂದು ಪ್ರಶ್ನೆ ಕೇಳಿತು: ನೀವು ಯಾಕೆ ಓಡುತ್ತೀರಿ? ಆರೋಗ್ಯಕ್ಕೆ, ತೂಕ ಇಳಿಸಲು, ಗೆಳೆಯರ ಜೊತೆಗೆ, ನಿಮ್ಮನ್ನು ನೀವೇ ಮೀರಲು, ಇತರೆ.

“ಯಾವುದು ಹಾಕ್ಲಿ ಭಾವಾ?”

“ಇತರೆ ಹಾಕು,” ಅಂದರು ಶರಣಯ್ಯನವರು. ಹೆಂಡತಿಯ ತಮ್ಮನ ಎದುರು ಮರ್ಯಾದೆ ಉಳಿಸಿಕೊಳ್ಳಲು ಎಂಬ ಕಾಲಂ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ದೇಶದ ಅರ್ಧ ಓಟಗಾರರು ಅಲ್ಲೇ ಗುರುತು ಹಾಕುತ್ತಿದ್ದರೆಂದು ನನ್ನ ಅನುಮಾನ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಶೇಖಮ್ಮ ದಾರಿಯುದ್ದಕ್ಕೂ ಎಡಮೊಣಕಾಲು ಒತ್ತಿಕೊಳ್ಳುತ್ತಾ ಕೂತಿದ್ದಳು. ಆರು ವರ್ಷದಿಂದ ಅದು ಹಾಗೇ. ಓಟದ ವಿಷಯ ಹೇಳಲು ಶರಣಯ್ಯನವರು ಎರಡು ಸಲ ಅವಳ ಕಡೆ ತಿರುಗಿದರು, ಎರಡು ಸಲವೂ ಕಿಟಕಿಯ ಹೊರಗೆ ನೋಡತೊಡಗಿದರು.

ಓಟಕ್ಕೆ ಐದು ವಾರ ಇತ್ತು. ಗುಟ್ಟಾಗಿ ಅಭ್ಯಾಸ ಮಾಡಿಬಿಡೋಣ ಎಂದು ಮರುದಿನ ನಸುಕಿನಲ್ಲೇ ಎದ್ದರು. ಸ್ನಾನ ಮಾಡಿ ವಿಭೂತಿ ಹಚ್ಚದೆ ಅವರು ಎಂದೂ ಹೊಸಿಲು ದಾಟಿದವರಲ್ಲ, ಆದ್ದರಿಂದ ಸ್ನಾನ ಆಯಿತು, ವಿಭೂತಿ ಆಯಿತು. ಪ್ಯಾಂಟು ಇದ್ದದ್ದು ಒಂದೇ, ಅದೂ ಮದುವೆಗಳಿಗೆ ಹಾಕುವಂಥದ್ದು, ಆದ್ದರಿಂದ ಧೋತರದ ಕಚ್ಚೆ ಬಿಗಿದರು. ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಓಡಿದರೆ ಓಣಿಯೆಲ್ಲ ಏಳುವಷ್ಟು ಸದ್ದು, ಆದ್ದರಿಂದ ಬಿಚ್ಚಿಟ್ಟರು. ಒಂದೊಂದಾಗಿ ನೋಡಿದರೆ ಎಲ್ಲವೂ ಬುದ್ಧಿವಂತರು ಮಾಡುವ ಕೆಲಸವೇ.

ಓಣಿಯ ತುದಿಯಲ್ಲಿ ಉರುಕುಂದಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಊರಿನ ಸುದ್ದಿಯೆಲ್ಲ ಅವಳ ಅಂಗಳ ದಾಟಿಯೇ ಮುಂದೆ ಹೋಗಬೇಕು. “ಅಣ್ಣಾರ, ಇಷ್ಟು ನಸುಕಿನ್ಯಾಗ ಎಲ್ಲಿಗ್ರಿ?” ಎಂದು ಕೇಳಿದಳು. ಶರಣಯ್ಯನವರು ಅಷ್ಟರಲ್ಲಿ ಅರವತ್ತು ಹೆಜ್ಜೆ ಓಡಿದ್ದರು. ಮಾತಾಡಲು ಉಸಿರಿರಲಿಲ್ಲ. ತಡಿ, ಹೇಳ್ತೀನಿ ಎಂಬಂತೆ ಒಂದು ಕೈ ಮೇಲೆತ್ತಿದರು. ಆ ಕೈ ಆಕಾಶದ ಕಡೆ ತೋರಿಸುತ್ತಿತ್ತು.

ಮಿಂದ ಮೈ, ಹಣೆತುಂಬ ವಿಭೂತಿ, ಬರಿಗಾಲು, ಮೌನ. ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಅರ್ಥ. ಉರುಕುಂದಮ್ಮ ಒಳಗೋಡಿ ತಂಬಿಗೆ ನೀರು ತಂದು ಅವರ ಕಾಲಮೇಲೆ ಸುರಿದು, ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹರಕೆ ಹೊತ್ತವರ ಕಾಲಿಗೆ ನೀರು ಹಾಕಿದರೆ ಹಾಕಿದವರಿಗೂ ಪುಣ್ಯದಲ್ಲಿ ಪಾಲು ಬರುತ್ತದೆ. ಶರಣಯ್ಯನವರಿಗೆ ಉಸಿರು ತಿರುಗಿ ಬರುವ ಹೊತ್ತಿಗೆ ಅವಳು ಪಕ್ಕದ ಮನೆಯ ಕದ ತಟ್ಟುತ್ತಿದ್ದಳು.

ಹರಕೆ ಹೊತ್ತವರನ್ನು ಏನಕ್ಕೆ ಎಂದು ಕೇಳಬಾರದು. ಕೇಳಬಾರದು ಅಂದಮೇಲೆ ಊಹಿಸಬೇಕಾಗುತ್ತದೆ. ನಲ್ಲಿಯ ಹತ್ತಿರ ಮೊದಲು ಅಂಗಡಿಗೆ ಗಿರಾಕಿ ಹೆಚ್ಚಲಿ ಎಂದು ಅಂದರು. ಆಮೇಲೆ ಶರಣಯ್ಯನವರಿಗೆ ಮೂಲವ್ಯಾಧಿ ಅಂದರು. ಕಡೆಗೆ, ಕೊಡ ತುಂಬುವ ಹೊತ್ತಿಗೆ, ಪಾಪ ಶೇಖಮ್ಮನ ಮೊಣಕಾಲಿಗೆ ಎಂದು ತೀರ್ಮಾನವಾಯಿತು. ಆ ತೀರ್ಮಾನ ಆಗುವಾಗ ಶೇಖಮ್ಮ ಸರದಿಯಲ್ಲಿ ನಾಲ್ಕನೆಯವಳಾಗಿ ನಿಂತಿದ್ದಳು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತ ಶರಣಯ್ಯನವರ ರೊಟ್ಟಿಯ ಮೇಲೆ ತುಪ್ಪ ಬಿತ್ತು. ಹಬ್ಬ ಯಾವುದೆಂದು ನೆನಪು ಮಾಡಿಕೊಳ್ಳುತ್ತಿರುವಾಗ ಶೇಖಮ್ಮ ಎದುರಿಗೆ ಕಷ್ಟಪಟ್ಟು ಕೂತಳು.

“ಒಂದು ಮಾತು ನನಗ ಹೇಳಬಾರದೇನ್ರಿ?”

“ಏನು?” ಅಂದರು, ಪರಮೇಶ ಫೋನ್ ಮಾಡಿರಬೇಕೆಂದುಕೊಂಡು.

“ನನ್ನ ಮೊಣಕಾಲಿಗೆ ಹರಕಿ ಹೊತ್ತೀರಂತ. ಊರಿಗೆಲ್ಲಾ ಗೊತ್ತಾತು, ನನಗ ನಲ್ಲಿ ಹತ್ರ ಗೊತ್ತಾತು.” ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. “ಆರು ವರ್ಷ ಆತು. ನನ್ನ ನೋವು ನಿಮ್ಮ ಕಣ್ಣಿಗೇ ಬೀಳಾಂಗಿಲ್ಲ ಅನ್ಕೊಂಡಿದ್ದೆ.”

ಶರಣಯ್ಯನವರು ಸತ್ಯ ಹೇಳಲು ಬಾಯಿ ತೆರೆದರು. ತೆರೆದ ಬಾಯಿಗೆ ಅವಳೇ ತುಪ್ಪದ ರೊಟ್ಟಿಯ ತುತ್ತೊಂದನ್ನು ಇಟ್ಟಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಹೀಗಾಗಿದ್ದು ಎರಡನೇ ಸಲ, ಮೊದಲನೆಯದು ಮದುವೆಯ ದಿನ, ಅದೂ ಹತ್ತು ಜನ ಒತ್ತಾಯ ಮಾಡಿದ ಮೇಲೆ. ಇಂಥ ತುತ್ತನ್ನು ಉಗುಳಿ ಸತ್ಯ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಅವರು ಅಗಿದು ನುಂಗಿದರು.

ಅಂದಿನಿಂದ ಶರಣಯ್ಯನವರ ಸಂಸಾರ ಹರಕೆಯ ನೇಮಕ್ಕೆ ಬಿತ್ತು. ಮಂಚ ಹೋಗಿ ಚಾಪೆ ಬಂತು. ಗಡ್ಡ ಬೆಳೆಯಿತು. ಉಳ್ಳಾಗಡ್ಡಿ ಮನೆಬಿಟ್ಟಿತು. ಪರಮೇಶ ಗದ್ವಾಲದಿಂದ ಬಸ್ಸಿನಲ್ಲಿ ಕಳಿಸಿದ ಕಿತ್ತಳೆ ಬಣ್ಣದ ಬೂಟುಗಳನ್ನು ಶೇಖಮ್ಮ ಅಟ್ಟಕ್ಕೆ ಎಸೆದು, “ಹರಕಿಗೆ ಬೂಟ್ ಹಾಕ್ಕೊಂಡು ಹೋಗ್ತಾರೇನ್ರಿ, ತಿಳೀಬಾರದ ಅವನಿಗೆ,” ಅಂದಳು. ಬೂಟಿನ ಜೊತೆ ಬಂದಿದ್ದ ಓಟದ ನಂಬರ್ ಚೀಟಿಯನ್ನೂ ಅವಳು ನೋಡಿದಳು. ನೋಡಿ, ಎಷ್ಟು ದೊಡ್ಡ ಹರಕೆ, ಸರ್ಕಾರದವರು ಕೂಡ ನಂಬರ್ ಕೊಟ್ಟಿದ್ದಾರೆ ಎಂದು ಓಣಿಗೆಲ್ಲ ತೋರಿಸಿದಳು. ಪ್ರತಿದಿನ ನಸುಕಿನಲ್ಲಿ ಗಂಡನನ್ನು ಎಬ್ಬಿಸಿ ಕಳಿಸುವವಳು ಈಗ ಅವಳೇ. ಮೊದಲ ವಾರ ರಾಯಚೂರು ರಸ್ತೆಯ ಪೆಟ್ರೋಲ್ ಬಂಕಿನವರೆಗೆ, ಮೂರನೇ ವಾರ ಅದರಾಚೆಯ ಹಳ್ಳದವರೆಗೆ ಶರಣಯ್ಯನವರು ಏದುಸಿರು ಬಿಡುತ್ತಾ ಹೋಗಿಬರುತ್ತಿದ್ದರು. ಧೋತರ ಸಡಿಲವಾಗತೊಡಗಿತು, ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಒಂದು ತೊಡಕು ಬಂತು. ಹರಕೆ ಯಾವ ದೇವರಿಗೆ? ಓಟ ಮುಗಿಯುವುದು ಡ್ಯಾಮಿನಲ್ಲಿ, ಡ್ಯಾಮಿಗೆ ಹರಕೆ ಹೊತ್ತವರನ್ನು ಯಾರೂ ಕಂಡಿರಲಿಲ್ಲ. ಬೀರಪ್ಪನ ಗುಡಿಯ ಪೂಜಾರಿ ನರಸಯ್ಯನನ್ನು ಕರೆಸಿದರು. ಕುರಿ ಕಾಯ್ದು ಕಾಯ್ದು ಯಾವುದಕ್ಕೂ ಅವಸರ ಮಾಡದ ಮನುಷ್ಯ ಅವನು. ಕಂಬಳಿ ಹಾಸಿ ಕೂತು ಒಂದು ಲೋಟ ಚಹಾ ಪೂರ್ತಿ ಕುಡಿದಮೇಲೆ, “ಡ್ಯಾಮಿನ ಹಿಂದ ಏನೈತಿ? ಕೃಷ್ಣಾ ಹೊಳಿ ಐತಿ. ಹೊಳಿ ಅಂದ್ರ ಗಂಗಮ್ಮ. ಗಂಗಮ್ಮಗ ಸಲ್ತೈತಿ, ಬೀರಪ್ಪ ಸಾಕ್ಷಿ ಇರ್ತಾನ,” ಎಂದು ತೀರ್ಪು ಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ತಂಗೀ, ನನ್ನ ಕುರಿಗಳಿಗೆ ಕಾಲುಬ್ಯಾನಿ ಬಂದೈತಿ. ಸಾವ್ಕಾರ್ರು ಹೆಂಗೂ ಇಪ್ಪತ್ತೊಂದು ಓಡ್ತಾರಲ್ಲ. ಅದರಾಗ ಎರಡು ನನ್ನ ಕುರಿಗಳ ಹೆಸರಿಗೆ ಓಡಿದ್ರ ಆಗ್ತೈತೇನು?”

ಇದನ್ನು ಅಂಗಳದಲ್ಲಿ ನಿಂತು ಕೇಳಿಸಿಕೊಂಡ ಉರುಕುಂದಮ್ಮ ತನ್ನ ಸೊಸೆಯ ಬಸಿರಿಗೆ ಒಂದು ಕಿಲೋಮೀಟರ್ ಬೇಡಿದಳು. ಮರುದಿನ ಶೇಖಮ್ಮನ ಮನೆಯ ಕಟ್ಟೆಯ ಮೇಲೆ ಜನ ಕೂತಿದ್ದರು. ಒಬ್ಬನಿಗೆ ಬೋರ್‌ವೆಲ್ಲಿಗೆ ನೀರು ಬರಬೇಕು, ಒಬ್ಬಳಿಗೆ ಮಗಳು ಪರೀಕ್ಷೆಯಲ್ಲಿ ಪಾಸಾಗಬೇಕು. ಪಕ್ಕದವನ ಬೋರ್‌ವೆಲ್ ಬತ್ತಬೇಕು ಎಂದವನನ್ನು ಮಾತ್ರ ಶೇಖಮ್ಮ, “ಕೆಟ್ಟದ್ದಕ್ಕ ಕಿಲೋಮೀಟರ್ ಕೊಡಾಂಗಿಲ್ಲ,” ಎಂದು ಎಬ್ಬಿಸಿ ಕಳಿಸಿದಳು.

ತಹಸೀಲ್ ಕಚೇರಿಯಲ್ಲಿ ಕಂದಾಯ ನೋಡುವ ಗಿರ್ದಾವರ್ ಲಕ್ಷ್ಮಣ್ ಕಟ್ಟೆಗೆ ಬರಲಿಲ್ಲ, ಸರ್ಕಾರಿ ಮನುಷ್ಯನಲ್ಲವೆ. ಬೀಗ ಕೊಳ್ಳುವ ನೆಪದಲ್ಲಿ ಅಂಗಡಿಗೇ ಬಂದ. ಏಳು ಬೀಗಗಳನ್ನು ಹಾಕಿ ತೆಗೆದು ನೋಡಿದಮೇಲೆ ದನಿ ತಗ್ಗಿಸಿ, “ಶರಣಯ್ಯನೋರೇ, ನಾರಾಯಣಪೇಟಿಗೆ ಟ್ರಾನ್ಸ್‌ಫರ್ ಕೇಳಿ ಮೂರು ವರ್ಷ ಆತು. ಅರ್ಜಿ ಎಲ್ಲಿ ಕುಂತೈತೋ ಗೊತ್ತಿಲ್ಲ. ನಂದೂ ಒಂದು...” ಅಂದ.

“ಮನ್ಯಾಗ ಕೇಳ್ರಿ. ಹಂಚೂದು ಆಕೀನ,” ಅಂದರು ಶರಣಯ್ಯನವರು. ಗಿರ್ದಾವರ್ ಸಾಹೇಬರು ಶೇಖಮ್ಮನ ಎದುರು ಕೈಕಟ್ಟಿ ನಿಂತು ಒಂಬತ್ತನೇ ಕಿಲೋಮೀಟರ್ ಪಡೆದರು.

ಹೀಗೆ ಹದಿನಾರು ಕಿಲೋಮೀಟರ್ ಊರಿಗೆ ಹೋದವು. ಕಡೆಯ ಐದನ್ನು ಶೇಖಮ್ಮ ತನ್ನ ಮೊಣಕಾಲಿಗೆ ಉಳಿಸಿಕೊಂಡಳು. ಮೊದಲನೆಯದನ್ನೇ ಇಟ್ಟುಕೊಳ್ಳಬಾರದಿತ್ತೇ ಎಂದು ಉರುಕುಂದಮ್ಮ ಕೇಳಿದರೆ, “ಮನೆಗೆ ಬಂದೋರ್ದು ಮೊದ್ಲು ಆಗ್ಲಿ, ನಮ್ದೇನು,” ಅಂದಳು. ಊಟದಲ್ಲೂ ಅವಳದು ಅದೇ ಪದ್ಧತಿ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಣ್ಣುವವಳು.

ಓಟದ ದಿನ ಬೆಳಕು ಹರಿಯುವ ಮುಂಚೆ ಗದ್ವಾಲ ಕೋಟೆಯ ಮುಂದೆ ಬಣ್ಣಬಣ್ಣದ ಬನಿಯನ್ ತೊಟ್ಟವರು ಕೈಕಾಲು ಎಳೆದು ಬಿಡುತ್ತಿದ್ದರು. ಅವರ ನಡುವೆ ಗಡ್ಡ ಬಿಟ್ಟು, ಕಚ್ಚೆ ಬಿಗಿದು, ಬರಿಗಾಲಲ್ಲಿ ನಿಂತ ಶರಣಯ್ಯನವರ ಎದೆಯ ಮೇಲೆ ಸೂಜಿ ಚುಚ್ಚಿದ ನಂಬರು. ಬಿಗಿಯಾದ ಕರಿ ಚಡ್ಡಿಯ ಪರಮೇಶ ಭಾವನನ್ನು ಮೇಲಿಂದ ಕೆಳಗೆ ನೋಡಿ ಏನೋ ಕೇಳಬೇಕೆನ್ನುವಷ್ಟರಲ್ಲಿ ಮಕ್ತಲಿನಿಂದ ಬಂದ ಗೂಡ್ಸ್ ಆಟೋ ನಿಂತಿತು. ಅದರಿಂದ ಒಂದು ಚೀಲ ತೆಂಗಿನಕಾಯಿ, ಹದಿನಾಲ್ಕು ಜನ, ಶೇಖಮ್ಮ ಮತ್ತು ನರಸಯ್ಯ ಇಳಿದರು. ನರಸಯ್ಯ ಶರಣಯ್ಯನವರ ಹಣೆಗೆ ಭಂಡಾರದ ಅರಿಶಿನ ಬಳಿದ. ಒಬ್ಬರಿಗೆ ಬಳಿದು ಉಳಿದವರನ್ನು ಬಿಡುವುದು ಸರಿಯಲ್ಲವೆಂದು ಪಕ್ಕದ ಹೈದರಾಬಾದಿನ ಬ್ಯಾಂಕಿನವರಿಗೂ, ಅವರ ಪಕ್ಕದ ಡಾಕ್ಟರಮ್ಮನಿಗೂ ಬಳಿದ. ಓಟ ಹತ್ತು ನಿಮಿಷ ತಡವಾಗಿ ಶುರುವಾಯಿತು.

ಪ್ರತಿ ಕಿಲೋಮೀಟರಿನ ಫಲಕದ ಹತ್ತಿರ ಆಟೋ ಮೊದಲೇ ಹೋಗಿ ನಿಲ್ಲುತ್ತಿತ್ತು. ಆ ಕಿಲೋಮೀಟರಿನ ಒಡೆಯರು ಇಳಿದು ಕಾಯಿ ಒಡೆದು, ಶರಣಯ್ಯನವರ ಕಾಲಿಗೆ ನೀರು ಹಾಕಿ ಬಿಡುತ್ತಿದ್ದರು. ಸೊಸೆಯ ಕಿಲೋಮೀಟರು ಮುಗಿಯುವವರೆಗೂ ಉರುಕುಂದಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಒಂಬತ್ತನೆಯದರಲ್ಲಿ ಗಿರ್ದಾವರ್ ಲಕ್ಷ್ಮಣ್ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಪಕ್ಕದಲ್ಲಿ ಓಡಿದ. ಶರಣಯ್ಯನವರು ಸುಸ್ತಾಗಿ ನಡೆಯತೊಡಗಿದರೆ, “ನಡೀಬ್ಯಾಡ್ರಿ, ನಡೀಬ್ಯಾಡ್ರಿ, ಫೈಲ್ ನಿಂತ್ಕೊಂತೈತಿ,” ಎಂದು ಅಂಗಲಾಚುತ್ತಿದ್ದ. ಒಂದು ಕಿಲೋಮೀಟರ್ ಮುಗಿಸಿ ಅವನು ಕೆರೆಯ ಏರಿಯ ಮೇಲೆ ಅಂಗಾತ ಮಲಗಿಬಿಟ್ಟ.

ಹನ್ನೆರಡನೆಯದರ ಹತ್ತಿರ ದಾರಿಯ ಪಕ್ಕದಲ್ಲಿ ಪರಮೇಶ ಕೂತಿದ್ದ. ತೊಡೆ ಹಿಡಿದುಕೊಂಡಿತ್ತು. ಇಬ್ಬರು ಅವನ ಕಾಲು ಎಳೆಯುತ್ತಿದ್ದರು, ಗಡಿಯಾರ ಮಾತ್ರ ಪಿಕ್ ಪಿಕ್ ಎಂದು ಇನ್ನೂ ಏನೋ ಎಣಿಸುತ್ತಿತ್ತು. “ಭಾವಾ, ನೀವು ಖರೇನ ದಿನಾ ಓಡ್ತಿದ್ರೇನ್ರಿ?” ಅಂದ. ಐದು ವಾರದಿಂದ ಈ ಗಳಿಗೆಗಾಗಿ ಶರಣಯ್ಯನವರು ಒಂದು ಚುರುಕು ಮಾತು ತಯಾರಿ ಇಟ್ಟುಕೊಂಡಿದ್ದರು. ಉಸಿರಿಲ್ಲದೆ ಅದು ಹೊರಗೆ ಬರಲಿಲ್ಲ. ಕೈಯೆತ್ತಿ ಮುಂದೆ ಹೋದರು.

ಹದಿನಾರನೇ ಫಲಕದ ಹತ್ತಿರ ಊರಿನ ಕಡೆಯ ಕಾಯಿ ಒಡೆಯಿತು. ಎಲ್ಲರದೂ ಆಯಿತು. ಜನ ಆಟೋದ ನೆರಳಲ್ಲಿ ಕೂತು ನಮ್ಮ ಕಡೆ ಮಂಡಾಳು ಎನ್ನುವ ಮಂಡಕ್ಕಿ ಹಂಚಿಕೊಂಡು ತಿನ್ನತೊಡಗಿದರು. ಶರಣಯ್ಯನವರು ಎದುರಿನ ಬೇವಿನ ಮರದವರೆಗೆ ಹೋದರು, ಅಲ್ಲಿ ಕಾಲುಗಳು ಯಾರನ್ನೂ ಕೇಳದೆ ನಿಂತುಬಿಟ್ಟವು. ಕೂತರು. ಅಂಗಾಲು ಬೊಬ್ಬೆ ಎದ್ದು ಉರಿಯುತ್ತಿತ್ತು. ಪರಮೇಶ ಸೋತಾಗಿತ್ತು, ಮರ್ಯಾದೆ ಉಳಿದಾಗಿತ್ತು, ಇನ್ನು ಏಳಲು ಯಾವ ಕಾರಣವೂ ಹೊಳೆಯಲಿಲ್ಲ.

ಶೇಖಮ್ಮ ಕಾಲೆಳೆಯುತ್ತಾ ಬಂದು ಎದುರಿಗೆ ನಿಂತಳು. ಅವಳ ಕೈಯಲ್ಲಿ ತನ್ನದೊಂದು ತೆಂಗಿನಕಾಯಿ ಇತ್ತು. ಅದನ್ನು ನೋಡಿ ಶರಣಯ್ಯನವರಿಗೆ ತಡೆಯಲಾಗಲಿಲ್ಲ.

“ಶೇಖಮ್ಮ, ಹರಕಿ ಇಲ್ಲ ಏನಿಲ್ಲ. ನಿನ್ನ ತಮ್ಮ ಗೃಹಪ್ರವೇಶದ ದಿನ ನನ್ನ ಹೊಟ್ಟಿ ನೋಡಿ ನಕ್ಕ. ನಾನೂ ಓಡ್ತೀನಿ ಅಂತ ಜಂಬ ಕೊಚ್ಚಿಬಿಟ್ಟೆ. ನೀ ಕಣ್ಣೀರು ಹಾಕಿದಿ, ಹೇಳಾಕ ಬಾಯಿ ಬರಲಿಲ್ಲ. ನಿನ್ನ ಮೊಣಕಾಲು ನನಗ ನೆನಪ ಇರಲಿಲ್ಲ.”

ಆಟೋದ ನೆರಳಲ್ಲಿ ಮಂಡಾಳು ಅಗಿಯುವ ಸದ್ದು ನಿಂತಿತು. ಉರುಕುಂದಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಶೇಖಮ್ಮ ಕಾಯಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದಳು. ಈಗ ಆ ಕಾಯಿ ತನ್ನ ತಲೆಯ ಮೇಲೆ ಒಡೆಯುತ್ತದೆ ಎಂದು ಶರಣಯ್ಯನವರು ಕಣ್ಣು ಮುಚ್ಚಿದರು.

“ಕುರಿಗಳ ಕಾಲಿಗೆ ಓಡಿದ್ರಿ,” ಅಂದಳು ಶೇಖಮ್ಮ. ದನಿ ಏರಿರಲಿಲ್ಲ. “ಗಿರ್ದಾವರನ ಟ್ರಾನ್ಸ್‌ಫರಿಗೆ ಓಡಿದ್ರಿ. ಆಕೀ ಸೊಸಿಗೆ ಓಡಿದ್ರಿ, ಕಂಡೋರ ಬೋರಿಗೆ ಓಡಿದ್ರಿ. ಊರೋರದೆಲ್ಲಾ ಮುಗಿಸಿ ನನ್ನ ಪಾಳಿ ಬಂದಾಗ ಕುಂತ್ರೇನ್ರಿ? ಮೂವತ್ತು ವರ್ಷದಿಂದ ನಿಮ್ದು ಇದ ಹಣೇಬರ. ಅಂಗಡಿ ಮೊದ್ಲು, ಗಿರಾಕಿ ಮೊದ್ಲು, ನಿಮ್ಮ ತಂಗ್ಯಾರು ಮೊದ್ಲು. ನನ್ನ ಕಡೆ ಬರೂದ್ರಾಗ ನಿಮಗ ದಣಿವಾಗ್ತೈತಿ.”

ಶರಣಯ್ಯನವರು ಕಣ್ಣು ತೆರೆದರು. ಅವಳು ಹೇಳಿದ್ದೆಲ್ಲ ನಿಜವಾಗಿತ್ತು.

“ಆದ್ರ ಹರಕಿನ ಇರಲಿಲ್ಲಲ್ಲ...” ಎಂದು ಗೊಣಗಿದರು.

“ಈಗ ಹೊರ್ರಿ. ನರಸಯ್ಯಣ್ಣಾ, ನಡು ದಾರ್ಯಾಗ ಹರಕಿ ಹೊತ್ರ ಸಲ್ತೈತೇನು?”

ನರಸಯ್ಯ ಬಾಯಲ್ಲಿದ್ದ ಮಂಡಾಳನ್ನು ನಿಧಾನವಾಗಿ ನುಂಗಿದ. “ಎಲ್ಲಿಂದ ಹೊತ್ರೂ ಅಲ್ಲಿಂದ ಲೆಕ್ಕ. ದೇವರೇನು ಸರ್ಕಾರದೋನೇನು, ಮೊದಲಿನ ಕಾಗದ ಕೇಳಾಕ?” ಅಂದ. ಅಷ್ಟು ಹೊತ್ತಿಗೆ ಕುಂಟುತ್ತಾ ಬಂದು ಸೇರಿದ್ದ ಗಿರ್ದಾವರ್ ಲಕ್ಷ್ಮಣ್, “ಮೊದಲಿಂದು ಹದಿನಾರೂ ಸಲ್ತಾವಲ್ಲ?” ಎಂದು ಗಾಬರಿಯಿಂದ ಕೇಳಿದ. ನಂಬಿ ಓಡಿಸಿದವರದು ಸಲ್ಲುತ್ತದೆ ಎಂದು ನರಸಯ್ಯ ಹೇಳಿದಮೇಲೆ ಎಲ್ಲರ ಬಾಯಿ ಮತ್ತೆ ಆಡತೊಡಗಿತು.

ಶರಣಯ್ಯನವರು ಬೇವಿನ ಬೊಡ್ಡೆ ಹಿಡಿದು ಎದ್ದರು. ಈ ಸಲ ಕಾಲುಗಳು ಯಾಕೆ ಎಂದು ಕೇಳಲಿಲ್ಲ. ಓಡುತ್ತೇನೆ ಎಂದು ಅವರು ಹೊರಟದ್ದು ಎಷ್ಟು ನಿಧಾನವಾಗಿತ್ತೆಂದರೆ ಕುಂಟುವ ಶೇಖಮ್ಮ ಪಕ್ಕದಲ್ಲಿ ನಡೆದೇ ಬರುತ್ತಿದ್ದಳು. ಆಟೋ ಹತ್ತು ಎಂದರೆ ಕೇಳಲಿಲ್ಲ. “ನೀವು ನಡುವೆ ಎಲ್ಲಿ ಕುಂದ್ರತೀರೋ, ನನಗ ನಂಬಿಕಿಲ್ಲ,” ಅಂದಳು. ಸ್ವಲ್ಪ ದೂರ ಹೋದಮೇಲೆ ಅವರ ತೋಳು ಹಿಡಿದುಕೊಂಡಳು, ಬೀಳದಿರಲಿ ಎಂದು. ಯಾರು ಬೀಳದಿರಲಿ ಎಂದು ಇಬ್ಬರೂ ವಿಚಾರ ಮಾಡಲಿಲ್ಲ.

ಹಿಂದಿನಿಂದ ಓಟದ ಕಡೆಯ ಗಾಡಿ ಬಂತು. ಅದರಲ್ಲಿದ್ದ ಸಾಯಿಪ್ರಸಾದ್ ಎಂಬ ಸಂಘಟಕ, “ಅಂಕಲ್, ಟೈಮ್ ಮುಗಿದು ಒಂದು ತಾಸಾತು. ಗಾಡಿ ಹತ್ರಿ, ಮೆಡಲ್ ಅಲ್ಲೇ ಕೊಡ್ತೀವಿ,” ಅಂದ.

“ನಮ್ದು ಈಗ ಶುರು ಆಗೈತಪ್ಪ, ನೀವು ಹೋಗ್ರಿ,” ಅಂದರು ಶರಣಯ್ಯನವರು.

ಅವರು ಡ್ಯಾಮ್ ಮುಟ್ಟಿದಾಗ ಓಟ ಮುಗಿಯುವಲ್ಲಿ ಕಟ್ಟಿದ್ದ ಕಮಾನು ಬಿಚ್ಚಿ ಲಾರಿಗೆ ಹಾಕಿಯಾಗಿತ್ತು. ಇಬ್ಬರೂ ಕೆಳಗಿಳಿದು ಹೊಳೆಯ ನೀರಲ್ಲಿ ಕಾಲಿಟ್ಟು ಕೂತರು. ಶರಣಯ್ಯನವರು ಸುತ್ತಮುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಬೊಗಸೆಯಲ್ಲಿ ನೀರು ತುಂಬಿ ಹೆಂಡತಿಯ ಎಡಮೊಣಕಾಲಿನ ಮೇಲೆ ಸುರಿದರು. ಶೇಖಮ್ಮ ಬೇರೆ ಕಡೆ ಮುಖ ಮಾಡಿ, ನೀರು ತಣ್ಣಗಿದೆ ಅಂದಳು.

ಮರುದಿನ ಶರಣಯ್ಯನವರು ಐದು ವಾರದ ಮೇಲೆ ಮಂಚದ ಮೇಲೆ ಮಲಗಿ, ಅಂಗಾಲಿಗೆ ಎಣ್ಣೆಬಟ್ಟೆ ಕಟ್ಟಿಕೊಂಡು ಗೊರಕೆ ಹೊಡೆಯುತ್ತಿದ್ದರು. ನಸುಕಿನಲ್ಲೇ ಯಾರೋ ಭುಜ ಅಲುಗಾಡಿಸಿದರು. ಶೇಖಮ್ಮ ಮಿಂದು ಸೀರೆ ಎತ್ತಿಕಟ್ಟಿ ನಿಂತಿದ್ದಳು.

“ಏಳ್ರಿ. ಎಡಗಾಲು ಹಗುರಾಗೈತಿ.”

“ಛಲೋ ಆತಲ್ಲ, ಮಕ್ಕೋ,” ಎಂದು ಅವರು ಹೊದಿಕೆ ಎಳೆದುಕೊಂಡರು.

“ಮಕ್ಕೊಂಡ್ರ ಹೆಂಗ? ನಿನ್ನೆ ಐದು ಕಿಲೋಮೀಟರ್ ಭಾರ ಎಲ್ಲಾ ಬಲಗಾಲ ಮ್ಯಾಲೆ ಬಿದ್ದು ಈಗ ಅದು ಹಿಡಕೊಂಡೈತಿ,” ಅಂದಳು ಶೇಖಮ್ಮ. “ಏಳ್ರಿ, ಇನ್ನ ಬಲಗಾಲಿನ ಪಾಳಿ. ನಾನೂ ಬರ್ತೀನಿ.”